ಏನು ವಾಪಸು?

ಮೊದಲೇ ಹೇಳಿಬಿಡುತ್ತೇನೆ. ಆ ಅರ್ಜಿಯನ್ನು ಟೈಪ್ ಮಾಡಿದವಳು ನಾನು. ವಕೀಲನಲ್ಲ, ಲಾಂಡ್ರಿ ಮಾಲೀಕನಲ್ಲ, ನಾನು. ಇದನ್ನು ಓದಿ ನಿಮಗೆ ಸಿಟ್ಟು ಬಂದರೆ ಎಲ್ಲರಿಗೂ ಹಂಚಿ. ಮೊದಲ ತುತ್ತು ನನ್ನ ತಟ್ಟೆಗೆ ಹಾಕಿ.

ಕೋರ್ಟಿನ ಹಿಂಬಾಗಿಲ ಮೆಟ್ಟಿಲ ಅಡಿಯಲ್ಲಿ ನನ್ನ ಜಾಗ. ಎದ್ದು ನಿಂತರೆ ತಲೆ ತಾಗುತ್ತಿತ್ತು. ಹಾಗಾಗಿ ಇಪ್ಪತ್ತೆರಡು ವರ್ಷ ಕೂತೇ ಇದ್ದೆ. ಒಂದು ಮೇಜು, ಒಂದು ಟೈಪ್ ಮಷೀನು, ಬಂದವರಿಗೆ ಒಂದು ಸ್ಟೂಲು. ತಲೆಯ ಮೇಲೆ ಇಡೀ ದಿನ ವಕೀಲರ ಬೂಟುಗಳು ಹತ್ತಿ ಇಳಿಯುತ್ತಿದ್ದವು. ಅವರ ಧೂಳು ನನ್ನ ಟೀಗೆ ಬೀಳುತ್ತಿತ್ತು. ಎಲ್ಲರೂ ನನ್ನನ್ನು ಟೈಪಕ್ಕ ಅನ್ನುತ್ತಿದ್ದರು. ನನಗೆ ಪರವಾನಗಿ ಇರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಕೇಳುವಂಥದ್ದನ್ನು ನಾನೂ ಮಾಡಿರಲಿಲ್ಲ.

ಮೇಜಿನ ಕೆಳಗೆ ಸಿದ್ಧ ನಮೂನೆಗಳ ಕಟ್ಟು ಇಟ್ಟುಕೊಂಡಿದ್ದೆ. ಹೆಸರು, ನಂಬರು ತುಂಬಿದರೆ ಅರ್ಜಿ ಆಗಿಹೋಗುವಂಥವು. ಅದರಲ್ಲಿ ಎರಡು ಕಟ್ಟಿನ ಮೇಲೆ ಒಂದೇ ಮಾತು ಬರೆದಿತ್ತು: ವಾಪಸು. ಒಂದು, ದಾವೆ ವಾಪಸು. ಹೂಡಿದ ಕೇಸನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಇನ್ನೊಂದು, ಶುಲ್ಕ ವಾಪಸು. ಕೋರ್ಟಿಗೆ ಕಟ್ಟಿದ ಫೀಸನ್ನು ಹಿಂದಕ್ಕೆ ಕೇಳುವುದು.

ಮೊದಲನೆಯ ಕಟ್ಟು ಕೈಗೆ ಎಟುಕುವ ಹಾಗಿತ್ತು. ದಿನಕ್ಕೆ ಮೂರೋ ನಾಲ್ಕೋ ಖರ್ಚಾಗುತ್ತಿತ್ತು. ಗಂಡನ ಮೇಲೆ ಕೇಸು ಹಾಕಿದ ಹೆಂಗಸರು, ಮೇಸ್ತ್ರಿಯ ಮೇಲೆ ಹಾಕಿದ ಗಾರೆ ಕೆಲಸದವರು, ಮನೆ ಮಾಲೀಕನ ಮೇಲೆ ಹಾಕಿದ ಬಾಡಿಗೆಯವರು. ಬರುವಾಗ ಎಗರಾಡಿಕೊಂಡು ಬರುತ್ತಿದ್ದರು, ವರ್ಷ ಎರಡು ವರ್ಷಕ್ಕೆ ತಲೆ ತಗ್ಗಿಸಿಕೊಂಡು ಬಂದು 'ವಾಪಸ್ ತಗೋತೀನಿ' ಅನ್ನುತ್ತಿದ್ದರು. ನಾನು ಹೊಡೆದ ಮೊದಲ ವಾಪಸು ಅರ್ಜಿಯೂ ನನ್ನದೇ. ಗಂಡನ ಮೇಲೆ ಬೇರೆ ಊರಿನ ಕೋರ್ಟಿನಲ್ಲಿ ಹಾಕಿದ್ದು. ಆಗ ಟೈಪ್ ಕಲಿತ ಹೊಸತು, ಬೇರೆಯವರಿಗೆ ಯಾಕೆ ದುಡ್ಡು ಕೊಡಬೇಕು ಅಂತ ನಾನೇ ಹೊಡೆದುಕೊಂಡೆ. ಎರಡನೆಯ ಕಟ್ಟು ತಳದಲ್ಲಿತ್ತು. ಕಂಪನಿಗಳ ಗುಮಾಸ್ತರು ಬಂದರೆ ಅದನ್ನು ಎಳೆಯುತ್ತಿದ್ದೆ. ಅವರು ಸ್ಟೂಲು ಕೊಟ್ಟರೂ ಕೂರುತ್ತಿರಲಿಲ್ಲ, ಕಾಲ ಬಳಿ ಬಗ್ಗಿ ನಾನು ಹುಡುಕುವಾಗ ಗಡಿಯಾರ ನೋಡುತ್ತಿದ್ದರು.

ಬಡವರ ಬಾಯಲ್ಲಿ ವಾಪಸ್ ಅಂದರೆ ಕೇಸು ವಾಪಸ್. ಉಳ್ಳವರ ಬಾಯಲ್ಲಿ ವಾಪಸ್ ಅಂದರೆ ದುಡ್ಡು ವಾಪಸ್. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನನ್ನ ಕೈ ತಾನೇ ಕಲಿತಿತ್ತು.

ಲಾಂಡ್ರಿಯವಳು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಅವಳ ವಕೀಲನ ಗುಮಾಸ್ತ ಮುಂದೆ, ಅವಳು ಹಿಂದೆ. ಗುಮಾಸ್ತ ಕೇಸಿನ ನಂಬರು ಬರೆದ ಚೀಟಿಯನ್ನು ಮೇಜಿನ ಮೇಲೆ ಎಸೆದ.

"ಟೈಪಕ್ಕಾ, ಇವಳದ್ದೊಂದು ವಾಪಸ್ ಅರ್ಜಿ ಹೊಡೆದುಕೊಡು. ಜಡ್ಜ್ ಸಾಹೇಬರು ಇವತ್ತೇ ತಗೋತಾರೆ. ನಮ್ಮ ವಕೀಲರು ಬೇರೆ ಕೋರ್ಟಲ್ಲಿದ್ದಾರೆ, ನಾನು ಓಡ್ಬೇಕು."

ಓಡಿದ.

ಅವಳು ಸ್ಟೂಲಿನ ತುದಿಯಲ್ಲಿ ಕೂತಳು. ನಲವತ್ತೈದೋ ಐವತ್ತೋ. ಬಲ ಭುಜ ಎಡಕ್ಕಿಂತ ಕೆಳಗಿತ್ತು. ಕೈಗಳು ಮಾತ್ರ ವಿಪರೀತ ಬೆಳ್ಳಗಿದ್ದವು, ಮೊಣಕೈವರೆಗೆ, ಯಾರದ್ದೋ ಕೈ ತಂದು ಜೋಡಿಸಿದ ಹಾಗೆ. ಬ್ಲೀಚು, ಸೋಡಾ. ಅಂಥ ಕೈಗಳನ್ನು ನಾನು ನೋಡಿದ್ದೆ. ನೋಡಿದ್ದರಿಂದಲೇ ಮತ್ತೆ ನೋಡಲಿಲ್ಲ.

"ವಾಪಸಾ?" ಅಂದೆ.

"ಹೂಂ ಅಕ್ಕಾ. ವಾಪಸ್."

"ಯೋಚನೆ ಮಾಡಿದೀಯಾ?"

"ಯೋಚನೆ ಏನು ಬಂತು, ಅದು ನಮ್ಗೆ ಸೇರಬೇಕಾದ್ದೇ ಅಂತೆ."

ಆ ಮಾತು ನನ್ನನ್ನು ನಿಲ್ಲಿಸಬೇಕಿತ್ತು. ಕೇಸನ್ನು ಹಿಂದಕ್ಕೆ ತಗೊಳ್ಳುವವರು 'ನಮ್ಗೆ ಸೇರಬೇಕಾದ್ದು' ಅನ್ನುವುದಿಲ್ಲ. ಆದರೆ ಅಷ್ಟರಲ್ಲಿ ನನ್ನ ಕೈ ಮೇಲಿನ ಕಟ್ಟಿಗೆ ಹೋಗಿತ್ತು. ನಮೂನೆ ಎಳೆದು ಮಷೀನಿಗೆ ಸಿಕ್ಕಿಸಿದೆ, ನಂಬರು ಹೊಡೆದೆ. ಹತ್ತು ನಿಮಿಷವೂ ಆಗಲಿಲ್ಲ. ಕೊನೆಯಲ್ಲಿ 'ಓದಿ ಹೇಳಲಾಗಿದೆ, ಕೇಳಿ ಒಪ್ಪಿದ್ದಾಳೆ' ಅಂತ ಅಚ್ಚಾಗೇ ಇತ್ತು. ಅಚ್ಚಾಗಿದ್ದನ್ನು ಯಾರು ಓದಿ ಹೇಳುತ್ತಾರೆ? ಅವಳ ಹೆಬ್ಬೆರಳನ್ನು ಮಸಿಗೆ ಒತ್ತಿ ಕಾಗದಕ್ಕೆ ಒತ್ತಿದೆ. ಗೆರೆಗಳೇ ಬರಲಿಲ್ಲ. ಬರಿಯ ಕಪ್ಪು ಚುಕ್ಕೆ. ಇನ್ನೊಂದು ಸಲ ಒತ್ತಿದೆ, ಅದೂ ಹಾಗೇ.

"ಗೆರೆಗಳು ನೀರಲ್ಲಿ ಹೋದ್ವು ಅಕ್ಕಾ," ಅಂದಳು, ತಪ್ಪು ತನ್ನದೇ ಅನ್ನುವ ಹಾಗೆ.

ಪಕ್ಕದಲ್ಲಿ 'ಬರೆದವರು' ಅಂತ ಇದ್ದ ಕಡೆ ನಾನು ಸಹಿ ಹಾಕಿದೆ.

ನಾಲ್ಕು ಗಂಟೆಗೆ ಅವಳು ಮತ್ತೆ ಬಂದಳು. ಎರಡು ಕೈಯಲ್ಲಿ ಎರಡು ಟೀ ಲೋಟ. ಮುಖ ಅರಳಿತ್ತು. ಬೆಳಿಗ್ಗೆ ನೋಡಿದ್ದು ಇವಳನ್ನೇ ಹೌದೋ ಅಲ್ಲವೋ ಅನ್ನಿಸುವಷ್ಟು.

"ಮಂಜೂರಾಯ್ತಂತೆ ಅಕ್ಕಾ! ಸಾಹೇಬರು ಒಂದೇ ಮಾತು ಕೇಳಿದ್ರು. 'ಏನಮ್ಮ, ವಾಪಸಾ?' ಅಂದ್ರು. 'ಹೂಂ ಸ್ವಾಮಿ, ವಾಪಸ್' ಅಂದೆ. 'ಯಾರಾದ್ರೂ ಬಲವಂತ ಮಾಡಿದ್ರಾ?' ಅಂದ್ರು. 'ಇಲ್ಲ ಸ್ವಾಮಿ, ಗೋಡೆ ಮೇಲೆ ಬರೆದಿತ್ತು' ಅಂದೆ. ಎಲ್ರೂ ನಕ್ಕರು. ಸಾಹೇಬರೂ ನಕ್ಕರು. ತಗೋ, ಟೀ ಕುಡಿ."

ಕುಡಿದೆ. "ಒಳ್ಳೇದಾಯ್ತು ಬಿಡು," ಅಂದೆ. "ಇನ್ನು ಅಲೆದಾಟ ತಪ್ಪಿತು."

"ಅಲೆದಾಟ ಎಲ್ಲಿ ತಪ್ಪುತ್ತೆ? ಮುಂದಿನ ತಾರೀಖು ಯಾವತ್ತು ಅಂತ ಅಷ್ಟು ಜನರನ್ನ ಕೇಳಿದೆ. ಒಬ್ರೂ ಹೇಳಲಿಲ್ಲ. ನೀನಾದ್ರೂ ನೋಡಿ ಹೇಳು."

ಲೋಟ ಕೆಳಗಿಟ್ಟೆ.

"ಯಾವುದರ ತಾರೀಖು?"

"ನನ್ನ ಮಗಳ ಕೇಸಿಂದು."

ನಾನು ಇಪ್ಪತ್ತೆರಡು ವರ್ಷ ಬೇರೆಯವರ ದುಃಖವನ್ನು ನಿಮಿಷಕ್ಕೆ ನಲವತ್ತು ಪದದಂತೆ ಹೊಡೆದವಳು. ತಿರುಗಿ ಕೇಳಿದ್ದು ಅವತ್ತೇ ಮೊದಲು. "ನೀನು ಬೆಳಿಗ್ಗೆ ವಾಪಸ್ ಅಂದದ್ದು ಏನು?" ಅಂತ ಕೇಳಿದೆ. ಅವಳು ಗೋಡೆಯ ಕಥೆ ಹೇಳಿದಳು. ಮೇಲಿನ ಮಹಡಿಯಲ್ಲಿ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ, ಒಂದು ಬೋರ್ಡಿದೆಯಂತೆ. ಕಡಿಮೆ ವರಮಾನದ ಹೆಂಗಸರು ಕೋರ್ಟ್ ಫೀಸು ಕಟ್ಟಬೇಕಾಗಿಲ್ಲ ಅಂತ. ಯಾರೋ ಓದುತ್ತಿದ್ದದ್ದು ಇವಳ ಕಿವಿಗೆ ಬಿತ್ತು. ಇವಳು ಕಟ್ಟಿದ್ದಳು. ಲಾಂಡ್ರಿಯ ಹನ್ನೊಂದು ಹೆಂಗಸರು ಕೂಡಿಸಿ ಕೊಟ್ಟದ್ದನ್ನು. ವಕೀಲ ಬಾಯಿ ಬಿಟ್ಟಿರಲಿಲ್ಲ. ಈಗ ಆ ಹನ್ನೊಂದರಲ್ಲಿ ಒಬ್ಬಳನ್ನು, ಸಾಕ್ಷಿ ಹೇಳುತ್ತೇನೆ ಅಂದವಳನ್ನು, ಕೆಲಸದಿಂದ ತೆಗೆದಿದ್ದರು. ಅವಳ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಫೀಸು ವಾಪಸ್ ಬಂದರೆ ಮೊದಲು ಅವಳಿಗೆ ಕೊಡುವುದು ಅಂತ ಉಳಿದವರು ಮಾತಾಡಿಕೊಂಡಿದ್ದರು.

ಅಷ್ಟೇ. ವಾಪಸ್ ಅಂದರೆ ಅಷ್ಟೇ.

ನನ್ನ ಬಳಿ ಅರ್ಜಿಯ ಕಾರ್ಬನ್ ಪ್ರತಿ ಇತ್ತು. ಬೆಳಿಗ್ಗೆ ಓದಬೇಕಾದ್ದನ್ನು ಸಂಜೆ ಓದಿದೆ. "ಸದರಿ ದಾವೆಯನ್ನು ವಾದಿಯು ತಪ್ಪು ತಿಳುವಳಿಕೆಯಿಂದ ಹೂಡಿದ್ದು, ಪ್ರತಿವಾದಿಯ ಮೇಲೆ ಯಾವುದೇ ತಕರಾರು ಇರುವುದಿಲ್ಲವಾಗಿ, ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ವಾಪಸು ಪಡೆಯುತ್ತಿದ್ದಾಳೆ. ಕಟ್ಟಿದ ಶುಲ್ಕವನ್ನು ನಿಯಮದಂತೆ ಹಿಂದಿರುಗಿಸಬೇಕೆಂದು ಪ್ರಾರ್ಥನೆ."

ಸ್ವಸಂತೋಷದಿಂದ. ಆ ಪದ ನನ್ನ ಎಲ್ಲಾ ನಮೂನೆಗಳಲ್ಲೂ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಪದಕ್ಕೆ ತಕ್ಕ ಒಂದು ಮುಖವನ್ನೂ ನಾನು ಕಂಡಿರಲಿಲ್ಲ.

"ಅಂದ್ರೆ?" ಅಂದಳು.

"ಅಂದ್ರೆ ಕೇಸು ಮುಗೀತು. ನೀನೇ ಬೇಡ ಅಂದ ಹಾಗೆ ಆಯ್ತು."

"ತಪ್ಪು ತಿಳುವಳಿಕೆ ಅಂದ್ರೆ?"

ನಾನು ಕಾಗದವನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

"ನನ್ನ ಮಗಳು ಅಲ್ಲಿ ಕೆಲಸ ಮಾಡಲೇ ಇಲ್ಲ ಅಂತಾನಾ? ನಾನೇ ಹಾಗೆ ಹೇಳಿದೆ ಅಂತಾನಾ?"

"ಹೌದು."

ಅವಳು ಹೆಬ್ಬೆರಳನ್ನು ಬಟ್ಟೆಯ ತುದಿಗೆ ಉಜ್ಜತೊಡಗಿದಳು. ಮಸಿ ಬೆಳಿಗ್ಗೆಯೇ ಹೋಗಿತ್ತು. ಆದರೂ ಉಜ್ಜಿದಳು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಉಜ್ಜಿ ಉಜ್ಜಿ ಸಾಕಾಗಿ, ಸ್ಟೂಲಿನ ಮೇಲೆ ಕೂತು ಮಗಳ ಕಥೆ ಹೇಳಿದಳು. ನಾನು ಬೆಳಿಗ್ಗೆ ಕೇಳದೇ ಇದ್ದದ್ದು.

ಅದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಅವಳು ರೋಲರಿನಲ್ಲಿದ್ದಳು. ಎರಡು ಆಳುದ್ದದ ಕಾದ ಉರುಳೆ. ಒದ್ದೆ ಬೆಡ್‌ಶೀಟನ್ನು ಎರಡೂ ಮೂಲೆ ಹಿಡಿದು ಒಡ್ಡಬೇಕು, ಅದು ಎಳೆದುಕೊಂಡು ಆ ಕಡೆಯಿಂದ ಒಣಗಿಸಿ ಉಗುಳುತ್ತದೆ. ದಿನಕ್ಕೆ ಎಂಟುನೂರು. ಹದಿನಾಲ್ಕು ವರ್ಷಕ್ಕೆ ಅವಳ ಭುಜ ಕೂತಿತು. ಕೈ ಮೇಲಕ್ಕೆ ಏಳದು. ಮಗಳಿಗೆ ಆಗ ಹತ್ತೊಂಬತ್ತು. ಲಾಂಡ್ರಿಯ ಹೆಂಗಸರು ಅವಳನ್ನು ಚೂಟಿ ಅನ್ನುತ್ತಿದ್ದರು. ಹಾಗೇ ಇದ್ದಳಂತೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಶೀಟಿನ ಮೂಲೆ ಹುಡುಕುತ್ತಿದ್ದಳಂತೆ. ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಅಂದ ಮೇಲ್ವಿಚಾರಕ. "ಬೇಕಾದ್ರೆ ನಿನ್ನ ಹಾಜರೀಲೇ ಮಗಳನ್ನೂ ತಂದ್ಕೋ, ಅವಳು ರೋಲರ್ ನೋಡ್ಕೊಳ್ಲಿ, ನೀನು ಕೂತು ಮಡಚು," ಅಂದ. ಉಪಕಾರ ಮಾಡುವವನ ಹಾಗೆ ಅಂದ. ಇವಳು ಕೈ ಮುಗಿದಳು.

ಒಂದು ಹಾಜರಿಗೆ ಎರಡು ಜೀವ. ದಿನಾ ಬೆಳಿಗ್ಗೆ ರಿಜಿಸ್ಟರಿನಲ್ಲಿ ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದಳು, ಮಗಳು ರೋಲರಿಗೆ ನಡೆಯುತ್ತಿದ್ದಳು. ಹದಿನೆಂಟು ತಿಂಗಳು.

ರೋಲರಿನ ಮುಂದೆ ಒಂದು ತಂತಿ ಇರುತ್ತದೆ. ಮುಟ್ಟಿದರೆ ಮಷೀನು ನಿಲ್ಲುತ್ತದೆ. ಪದೇ ಪದೇ ನಿಂತು ಕೆಲಸ ಕೆಡುತ್ತದೆ ಅಂತ ಆ ತಂತಿಯನ್ನು ಮೇಲಕ್ಕೆತ್ತಿ ಕಟ್ಟಿದ್ದರು. ಅವತ್ತು ಶೀಟಿನ ಹೊಲಿಗೆ ಬಿಚ್ಚಿ ಚೂಟಿಯ ಬೆರಳಿಗೆ ಸುತ್ತಿಕೊಂಡಿತು. ತಾಯಿ ಹತ್ತು ಅಡಿ ದೂರದಲ್ಲಿ ಮಡಚುತ್ತಿದ್ದಳು. ಭುಜದವರೆಗೆ ಹೋದ ಮೇಲೆ ಯಾರೋ ಓಡಿ ಮೈನ್ ಸ್ವಿಚ್ಚು ಆರಿಸಿದರು. ಮಗಳು ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಅವಳನ್ನು ಮಲಗಿಸಿದ ಶೀಟಿನ ಮೂಲೆಯಲ್ಲಿ ತಮ್ಮ ಲಾಂಡ್ರಿಯ ಗುರುತು ಇದ್ದದ್ದನ್ನು ತಾಯಿ ನೋಡಿದಳು. ಮೂರನೆಯ ದಿನ ಮಗಳು ಹೋದಳು.

ರೋಲರಿನಲ್ಲಿ ಸಿಕ್ಕಿದ ಆ ಶೀಟನ್ನು ಬ್ಲೀಚಿನಲ್ಲಿ ನೆನೆಸಿ, ಒಗೆದು, ಲೆಕ್ಕಕ್ಕೆ ಸೇರಿಸಿ ಕಳಿಸಿದರಂತೆ.

ಮಾಲೀಕ ಹೇಳಿದ್ದು ಇಷ್ಟು: "ಆ ಹುಡುಗಿ ನಮ್ಮವಳಲ್ಲ. ತಾಯಿಗೆ ಊಟದ ಡಬ್ಬಿ ಕೊಡೋಕೆ ಬಂದಿದ್ಲು. ಮಷೀನ್ ಹತ್ರ ಆಟ ಆಡಿದ್ಲು." ರಿಜಿಸ್ಟರ್ ತೆಗೆದು ತೋರಿಸಿದ. ಅವತ್ತಿನ ದಿನ ರೋಲರ್ ವಿಭಾಗದಲ್ಲಿ ತಾಯಿಯ ಹೆಬ್ಬೆಟ್ಟು. "ಇವಳೇ ಹಾಜರಿದ್ದಾಳಲ್ಲ, ಮಗಳು ಎಲ್ಲಿಂದ ಬಂದ್ಲು?"

"ಆಟ ಆಡಿದ್ಲಂತೆ ಅಕ್ಕಾ," ಅಂದಳು. "ಎಂಟುನೂರು ಶೀಟು. ಆಟವಂತೆ."

ಅವಳು ದುಡ್ಡಿಗೆ ಕೇಸು ಹಾಕಿರಲಿಲ್ಲ. ಪರಿಹಾರ ಗಿರಿಹಾರ ಅಂತ ವಕೀಲ ಬರೆದದ್ದು. ಅವಳಿಗೆ ಬೇಕಿದ್ದದ್ದು ಒಂದೇ ಸಾಲು. ನನ್ನ ಮಗಳು ಕೆಲಸ ಮಾಡುತ್ತಿದ್ದಳು ಅಂತ ಒಬ್ಬ ದೊಡ್ಡ ಮನುಷ್ಯ ಒಂದು ಕಾಗದದ ಮೇಲೆ ಬರೆಯಬೇಕು. ಮೊದಲ ಸಲ ತನ್ನ ಹೆಬ್ಬೆರಳೇ ಮಗಳನ್ನು ರಿಜಿಸ್ಟರಿನಿಂದ ಒರೆಸಿತ್ತು. ಎರಡನೆಯ ಸಲವೂ ಅದೇ ಬೆರಳು. ಈ ಸಲ ಹಿಡಿದು ಒತ್ತಿದವಳು ನಾನು.

ಮಾರನೆಯ ದಿನ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ ಗುಮಾಸ್ತನನ್ನು ಹಿಡಿದೆ.

"ಅವಳು ವಾಪಸ್ ಅಂದ್ಲು, ನಾನೂ ವಾಪಸ್ ಅಂದೆ," ಅಂದ. "ಬರೆದವಳು ನೀನು. ಈಗ ನನ್ನ ತಲೆಗೆ ಕಟ್ಬೇಡ."

"ನಿನ್ನ ವಕೀಲನಿಗೆ ಹೇಳು. ತಪ್ಪಾಗಿದೆ ಅಂತ ಅರ್ಜಿ ಹಾಕ್ಲಿ."

"ಅವರು ಈ ಕೇಸಿನ ಮುಖ ನೋಡದೆ ಒಂದು ವರ್ಷ ಆಯ್ತು ಟೈಪಕ್ಕ. ಸುಮ್ನೆ ಇದ್ದುಬಿಡು. ಬಡವನ ಕೋಪ ದವಡೆಗೆ ಮೂಲ. ಕೇಸು ಬಿಟ್ಟವರಿಗೆ ಅರ್ಧ ಫೀಸು ವಾಪಸ್ ಬರುತ್ತೆ, ಕೊಡ್ಸು, ಕೈ ತೊಳ್ಕೋ."

ಕೈ ತೊಳೆದುಕೊಳ್ಳುವ ಮಾತನ್ನು ಅವಳ ಎದುರು ಆಡಿದ. ಅವಳ ಕೈ ನೋಡಿಕೊಂಡೇ ಆಡಿದ.

ಅರ್ಜಿ ನಾನೇ ಹೊಡೆದೆ. ನಮೂನೆ ಇಲ್ಲದ ಅರ್ಜಿ ಹೊಡೆದು ಎಷ್ಟು ವರ್ಷವಾಗಿತ್ತೋ. ಪ್ರತಿ ಸಾಲನ್ನೂ ಅವಳಿಗೆ ಓದಿ ಹೇಳಿದೆ. 'ಕೆಲಸ ಮಾಡುತ್ತಿದ್ದಳು' ಅನ್ನುವಲ್ಲಿ ಅವಳು ತಡೆದಳು. "ಒಳ್ಳೆ ಕೆಲಸ ಮಾಡ್ತಿದ್ಲು ಅಂತ ಹಾಕು." ಹಾಕಿದೆ.

ಎಂಟು ದಿನಕ್ಕೆ ನಮ್ಮನ್ನು ಕೂಗಿದರು. ಈ ಕೋರ್ಟಿನ ನ್ಯಾಯಾಧೀಶರ ಹಾಲಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅದೇ ಕಟ್ಟಡದ ಅಡಿಯಲ್ಲಿ ಅಷ್ಟು ವರ್ಷ ಕೂತಿದ್ದವಳಿಗೆ ಒಳಗೆ ಫ್ಯಾನುಗಳು ಅಷ್ಟು ಮೇಲಿರುತ್ತವೆ ಅಂತ ಗೊತ್ತಿರಲಿಲ್ಲ. ನಮ್ಮ ಪರ ವಕೀಲ ಇರಲಿಲ್ಲ. ಆ ಕಡೆ ಇಬ್ಬರಿದ್ದರು.

"ನೀನು ಯಾರು?" ಅಂದರು ಸಾಹೇಬರು.

"ಅರ್ಜಿ ಟೈಪ್ ಮಾಡಿದವಳು ಸ್ವಾಮಿ. ತಪ್ಪು ನನ್ನದು. ಅವಳು ಫೀಸು ವಾಪಸ್ ಕೇಳಿದ್ಲು. ನಾನು ದಾವೆ ವಾಪಸಿನ ನಮೂನೆ ಹಾಕ್ದೆ."

"ಓದಿ ಹೇಳಲಾಗಿದೆ ಅಂತ ಇದೆಯಲ್ಲ? ಕೆಳಗೆ ನಿನ್ನ ಸಹಿ ಇದೆ."

"ಓದಿ ಹೇಳಲಿಲ್ಲ ಸ್ವಾಮಿ."

"ಅಂದರೆ ಸುಳ್ಳು ಸಹಿ ಹಾಕಿದೆ ಅಂತೀಯಾ?"

"ಹೌದು ಸ್ವಾಮಿ."

ಆ ಕಡೆಯ ವಕೀಲನೊಬ್ಬ ಎದ್ದು ನಿಂತ. "ಇವರಿಗೆ ಪರವಾನಗಿ ಇದೆಯಾ ಅಂತ ಕೇಳಬೇಕು." ನನ್ನ ತಲೆಯ ಮೇಲೆ ದಿನಾ ಹತ್ತಿ ಇಳಿಯುವ ಬೂಟು ಅವನದ್ದೂ ಇತ್ತು. ಎಷ್ಟೋ ಅರ್ಜಿ ನನ್ನ ಹತ್ತಿರವೇ ಹೊಡೆಸಿದ್ದ.

ಸಾಹೇಬರು ಕೆಟ್ಟವರಲ್ಲ. ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ಬಯ್ದುಕೊಂಡು ಬರಬಹುದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅಮ್ಮಾ, ನಾನು ನಿನ್ನನ್ನೇ ಕೇಳಿದೆ. ವಾಪಸಾ ಅಂದೆ. ನೀನು ಹೂಂ ಅಂದೆ. ಅದು ದಾಖಲಾಗಿದೆ," ಅಂದರು.

"ಸ್ವಾಮಿ, ಏನು ವಾಪಸ್ ಅಂತ ನೀವು ಕೇಳಲಿಲ್ಲ," ಅಂದಳು ಅವಳು.

ಸಾಹೇಬರು ಕನ್ನಡಕ ಹಾಕಿಕೊಂಡರು. ಆದೇಶ ಆಗಿಹೋಗಿದೆ, ಬದಲಿಸಲು ಬರುವುದಿಲ್ಲ, ಬೇಕಾದರೆ ಹೊಸ ದಾವೆ ಹೂಡಬಹುದು ಅಂದರು. ಹೊಸ ದಾವೆಯ ಅವಧಿ ಮುಗಿದಿದೆ ಅಂತ ಆ ಕಡೆಯ ವಕೀಲ ನೆನಪಿಸಿದ. "ಹಾಗಿದ್ದರೆ ಸರಿ," ಅಂದರು ಸಾಹೇಬರು. ಏನು ಸರಿಯೋ. ಮುಂದಿನ ಕೇಸು ಕೂಗಿದರು.

ಸಂಜೆ ಹೊತ್ತಿಗೆ ನನ್ನ ಮೇಜು ಮೆಟ್ಟಿಲಡಿಯಿಂದ ಹೊರಗೆ ಬಂದಿತ್ತು. ಕಾವಲುಗಾರನೇ ಹೊತ್ತು ತಂದ. "ನಾನೇನ್ ಮಾಡ್ಲಿ ಅಕ್ಕಾ, ಮೇಲಿನವರ ಮಾತು," ಅಂದ. ಟೈಪ್ ಮಷೀನು ಭಾರ ಅಂತ ಬಿಟ್ಟಿದ್ದ, ಅದನ್ನು ನಾನು ಹೊತ್ತೆ. ಗೇಟಿನಾಚೆ ಜೆರಾಕ್ಸ್ ಅಂಗಡಿಯವನು ಅವನ ತಗಡಿನ ಕೆಳಗೆ ಜಾಗ ಕೊಟ್ಟ. ಅಲ್ಲಿ ತಲೆಗೆ ಏನೂ ತಾಗುವುದಿಲ್ಲ. ಬೆನ್ನು ನೆಟ್ಟಗಾಗುವುದನ್ನೇ ಮರೆತಿದೆ.

ಫೀಸು ವಾಪಸು ಬರಲು ಏಳು ತಿಂಗಳು ಹಿಡಿಯಿತು. ಕೇಸು ಹತ್ತು ನಿಮಿಷದಲ್ಲಿ ಹೋಯಿತು, ಅರ್ಧ ಫೀಸಿಗೆ ಏಳು ತಿಂಗಳು. ಆದೇಶದ ನಕಲು ಅಂದರು. ಮೂಲ ರಸೀದಿ ಅಂದರು. ರಸೀದಿ ವಕೀಲನ ಬಳಿ, ವಕೀಲ ರಜೆಯಲ್ಲಿ. ಗುರುತಿನ ಕಾಗದ ಅಂದರು. ಹೆಬ್ಬೆಟ್ಟು ತಾಳೆಯಾಗುತ್ತಿಲ್ಲ ಅಂದರು. ಫೀಸಿನ ಕಿಟಕಿಯವನು ಅವಳ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, "ಏನಮ್ಮಾ, ಗೆರೆ ಮನೇಲಿ ಬಿಟ್ಟು ಬಂದ್ಯಾ?" ಅಂದ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಪ್ರತಿ ಸಲ ಅವಳು ಅರ್ಧ ದಿನದ ಕೂಲಿ ಬಿಟ್ಟು ಬರುತ್ತಿದ್ದಳು. ಅವಳು ಇನ್ನೂ ಅದೇ ಲಾಂಡ್ರಿಯಲ್ಲಿ ಮಡಚುತ್ತಿದ್ದಳು. ಮತ್ತೆಲ್ಲಿಗೆ ಹೋಗುತ್ತಾಳೆ?

ಕೊನೆಯ ದಿನ ಜೊತೆಗೆ ಇನ್ನೊಬ್ಬಳಿದ್ದಳು. ಸಾಕ್ಷಿ ಹೇಳುತ್ತೇನೆ ಅಂದು ಕೆಲಸ ಕಳೆದುಕೊಂಡವಳು. ಸೋಡಾ ಕಲೆಸುವ ಕೆಲಸದಲ್ಲಿದ್ದದ್ದರಿಂದ ಎಲ್ಲರೂ ಸೋಡಾ ಅಕ್ಕ ಅನ್ನುತ್ತಿದ್ದರು. ತೆಳ್ಳಗೆ, ಕೆಮ್ಮಿಕೊಂಡು, ಬಾಯಿ ಮಾತ್ರ ಗಟ್ಟಿ. ಚೂಟಿಯ ಆ ಶೀಟನ್ನು ನೆನೆಸಿದವಳು ಅವಳೇ. ನೆನೆಸು ಅಂದರು, ನೆನೆಸಿದೆ ಅಂತ ನನಗೆ ಆಮೇಲೆ ಹೇಳಿದಳು. ಅದನ್ನು ಹೇಳುವಾಗ ಮಾತ್ರ ಅವಳ ದನಿ ಇಳಿಯಿತು.

ಕಿಟಕಿಯವನು ಚೆಕ್ಕು ತೆಗೆದ. ರಸೀದಿ ಪುಸ್ತಕ ತಿರುಗಿಸಿ ಮುಂದಿಟ್ಟ. ಮಸಿಯ ಡಬ್ಬಿ ತೆರೆದ.

"ಒತ್ತಮ್ಮ."

ಅವಳು ಒತ್ತಲಿಲ್ಲ. ನನ್ನ ಕಡೆ ನೋಡಿದಳು. "ಓದು ಅಕ್ಕಾ."

"ಓದೋದೇನಿದೆ? ಎಲ್ಲರಿಗೂ ಒಂದೇ," ಅಂದ ಅವನು.

ನಾನು ಓದಿದೆ. "ಮೇಲ್ಕಂಡ ಮೊತ್ತ ನನಗೆ ಸಂದಿದೆ. ಸದರಿ ದಾವೆಗೆ ಸಂಬಂಧಿಸಿ ಇನ್ನೇನೂ ಬಾಕಿ ಇರುವುದಿಲ್ಲ."

"ಇನ್ನೇನೂ ಬಾಕಿ ಇಲ್ಲ ಅಂತಾನಾ?"

"ಹಾಗಂತ ಇದೆ."

ಅವಳು ಮುಂದಕ್ಕೆ ಬಗ್ಗಿದಳು. "ಸ್ವಾಮಿ," ಅಂದಳು ಕಿಟಕಿಯೊಳಗೆ. "ಇದನ್ನ ತಗೊಳ್ದೇ ಹೋದ್ರೆ ಏನಾಗುತ್ತೆ?"

"ಏನಾಗುತ್ತೆ? ನಮಗೊಂದು ತಲೆನೋವು ಆಗುತ್ತೆ. ತಗೊಳ್ದೇ ಇರೋರ ಪಟ್ಟಿಗೆ ಹೋಗುತ್ತೆ. ವರ್ಷಾ ವರ್ಷಾ ಟೈಪ್ ಮಾಡಿ ಮುಂಬಾಗಿಲ ಬೋರ್ಡಿಗೆ ಅಂಟಿಸ್ಬೇಕು, ವಾರಸುದಾರರು ಬಂದು ತಗೊಳ್ಳೋವರೆಗೂ."

"ಪಟ್ಟೀಲಿ ಏನಂತ ಬರೀತೀರ?"

"ಫೈಲಲ್ಲಿ ಹೇಗಿದೆಯೋ ಹಾಗೆ." ಬೇಸರದಿಂದ ಫೈಲಿನ ಮೊದಲ ಹಾಳೆ ತಿರುವಿದ. ವಕೀಲ ನಾಲ್ಕು ವರ್ಷದ ಹಿಂದೆ ದಾವೆಯ ತಲೆಬರಹದಲ್ಲಿ ಬರೆದದ್ದು. ಅವನು ಮಾಡಿದ ಒಂದೇ ಒಳ್ಳೆಯ ಕೆಲಸ. ಕಿಟಕಿಯವನು ಓದಿದ: "ನಂಬರು ಇಷ್ಟು. ವಾದಿ, ಲಾಂಡ್ರಿಯ ಮೃತ ಕೆಲಸಗಾರ್ತಿಯ ತಾಯಿ."

"ಇನ್ನೊಂದ್ಸಲ ಓದಿ ಸ್ವಾಮಿ."

"ಲಾಂಡ್ರಿಯ ಮೃತ ಕೆಲಸಗಾರ್ತಿಯ ತಾಯಿ."

"ಕೆಲಸಗಾರ್ತಿ ಅಂತಾನೇ ಇದೆಯಾ?"

"ಇದೆ ಅಂದ್ನಲ್ಲ."

"ಅದನ್ನ ಯಾರೂ ಹೊಡೆದು ಹಾಕಲ್ವಾ? ಮಾಲೀಕರು ಬಂದು ಹೇಳಿದ್ರೆ?"

"ಯಾರು ಬಂದು ಹೇಳಿದ್ರೂ ತಲೆಬರಹ ಬದಲಾಯಿಸೋಕೆ ಬರಲ್ಲ. ನೀನು ದುಡ್ಡು ತಗೊಂಡ್ರೆ ಹೊಡೆದು ಹಾಕ್ತೀವಿ. ಅಷ್ಟೇ. ಒತ್ತು, ಹಿಂದೆ ಜನ ಇದ್ದಾರೆ."

ಅವಳು ಮಸಿಯ ಡಬ್ಬಿಯ ಮುಚ್ಚಳವನ್ನು ತಾನೇ ಮುಚ್ಚಿದಳು.

"ಬಾಕಿ ಇದೆ," ಅಂದಳು.

"ಏನು?"

"ಬಾಕಿ ಇದೆ ಸ್ವಾಮಿ. ನಾನು ಒತ್ತಲ್ಲ. ಎರಡು ಸಲ ಒತ್ತಿದೀನಿ. ಇನ್ನು ಒತ್ತಲ್ಲ."

ಕಿಟಕಿಯವನಿಗೆ ಸಿಟ್ಟು ಬಂತು. ಏಳು ತಿಂಗಳು ಅವಳನ್ನು ಅಲೆಸಿದಾಗ ಬಾರದ ಸಿಟ್ಟು ಅವಳು ಬೇಡ ಅಂದಾಗ ಬಂತು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ! ಯಾರಿಗೆ ನಷ್ಟ? ನಿನಗೇ. ಬೇಡ್ವಂತೆ! ಏಳು ತಿಂಗಳು ಪ್ರಾಣ ತಿಂದು ಈಗ ಬೇಡ್ವಂತೆ!"

ನನಗೆ ಸೋಡಾ ಅಕ್ಕನ ಮುಖ ನೋಡಲು ಧೈರ್ಯವಾಗಲಿಲ್ಲ. ಮೊದಲು ಅವಳಿಗೆ ಅಂತ ಇದ್ದ ದುಡ್ಡು ಅದು. ಅವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ನನಗೆ ಗೊತ್ತಿತ್ತು. ಲಾಂಡ್ರಿಯವಳು ಅವಳ ಕಡೆ ತಿರುಗಿದಳು.

ಸೋಡಾ ಅಕ್ಕ ಕೆಮ್ಮಿ ಮುಗಿಸಿಕೊಂಡು ಕಿಟಕಿಗೆ ಮುಖ ಕೊಟ್ಟಳು. "ಏನಪ್ಪಾ, ಜುಟ್ಟು ನಮ್ದು, ಹೊಟ್ಟೇನೂ ನಮ್ದು. ನಿನ್ನ ಮನೆ ಹಿಟ್ಟೇನೂ ಕೇಳಿಲ್ಲ. ಹನ್ನೊಂದು ಜನದ್ದೂ ಅಲ್ಲೇ ಇರ್ಲಿ. ಬರ್ಕೋ ಪಟ್ಟೀಲಿ. ದೊಡ್ಡ ಅಕ್ಷರದಲ್ಲಿ ಬರ್ಕೋ."

ಆಮೇಲೆ ಮೂವರೂ ಹೊರಗೆ ಬಂದೆವು. ಗೇಟಿನ ಹತ್ತಿರ ಲಾಂಡ್ರಿಯವಳು ಕೂತುಬಿಟ್ಟಳು, ದಾರಿಯಲ್ಲೇ. ಆವರೆಗೆ ನಾನು ಅವಳು ಅತ್ತದ್ದನ್ನು ನೋಡಿರಲಿಲ್ಲ. ಸೋಡಾ ಅಕ್ಕ ಅವಳ ಬೆನ್ನು ಸವರುತ್ತಾ ನಿಂತಳು. ಒಳಗೆ ಹೋಗುವ ಕಾರುಗಳು ಹಾರ್ನ್ ಹೊಡೆದವು. ನಾವು ಏಳಲಿಲ್ಲ. ಕಾರುಗಳು ಸುತ್ತಿಕೊಂಡು ಹೋದವು. ನಾನು ಜೆರಾಕ್ಸ್ ಅಂಗಡಿಯವನ ಹತ್ತಿರ ಸಾಲ ತೆಗೆದುಕೊಂಡು ಬ್ರೆಡ್ಡು ತಂದೆ. ಮೂವರೂ ತಿಂದೆವು.

ನನ್ನ ಮೇಜಿನ ಕೆಳಗೆ ಈಗ ಕಟ್ಟುಗಳಿಲ್ಲ. ನಮೂನೆಗಳನ್ನು ಸುಟ್ಟೆ ಅಂದರೆ ದೊಡ್ಡ ಮಾತಾಗುತ್ತದೆ. ಜೆರಾಕ್ಸ್ ಅಂಗಡಿಯವನಿಗೆ ಹಿಂಬದಿ ಬಳಸಲು ಕೊಟ್ಟೆ. ಯಾರಾದರೂ ಬಂದು ವಾಪಸ್ ಅಂದರೆ, "ಏನು ವಾಪಸ್?" ಅಂತ ಕೇಳುತ್ತೇನೆ. ಒಂದಿಬ್ಬರು ಎದ್ದು ಹೋಗಿದ್ದಾರೆ, ಅರ್ಜಿ ಹೊಡೆಸದೆ. ನನ್ನ ಸಂಪಾದನೆ ಕಡಿಮೆಯಾಗಿದೆ.

ಪಟ್ಟಿ ವರ್ಷದ ಕೊನೆಯ ವಾರದಲ್ಲಿ ಹಾಕುತ್ತಾರೆ. ಇದು ಮೂರನೆಯ ವರ್ಷ. ಕೋರ್ಟಿನ ಮುಂಬಾಗಿಲಲ್ಲಿ, ಗಾಜಿನ ಹಿಂದೆ, ಬೀಗ ಹಾಕಿದ ಬೋರ್ಡು. ಎಲ್ಲರೂ ಹಾದು ಹೋಗುವ ಜಾಗ. ಲಾಂಡ್ರಿ ಮಾಲೀಕನಿಗೆ ಬೇರೆ ಬೇರೆ ಕೇಸುಗಳಿವೆ, ಅವನೂ ಹಾದು ಹೋಗುತ್ತಾನೆ. ಅವಳು ಅರ್ಧ ದಿನ ರಜೆ ಹಾಕಿ ಬರುತ್ತಾಳೆ. ತಲೆ ಬಾಚಿಕೊಂಡು, ತೊಳೆದ ಬಟ್ಟೆ ಉಟ್ಟು. ಅವಳಿಗೆ ಓದು ಬಾರದು. ನಾನು ಹುಡುಕಿ ಗಾಜಿನ ಮೇಲೆ ಬೆರಳಿಟ್ಟು ತೋರಿಸುತ್ತೇನೆ, ಅಕ್ಷರ ಅಕ್ಷರವಾಗಿ ಓದುತ್ತೇನೆ. ಲಾಂಡ್ರಿಯ. ಮೃತ. ಕೆಲಸಗಾರ್ತಿಯ. ತಾಯಿ.

ಅವಳು ಆ ಮೂರನೆಯ ಪದದ ಕೆಳಗೆ, ಗಾಜಿನ ಮೇಲೆ, ತನ್ನ ಹೆಬ್ಬೆರಳು ಒತ್ತುತ್ತಾಳೆ. ಮಸಿ ಇಲ್ಲ, ಗೆರೆಯೂ ಇಲ್ಲ.

"ಈ ವರ್ಷದ ಹಾಜರಿ ಬಿತ್ತು ಬಿಡಕ್ಕಾ," ಅನ್ನುತ್ತಾಳೆ. ಆಮೇಲೆ ಕೆಲಸಕ್ಕೆ ಹೊತ್ತಾಯಿತು ಅಂತ ಹೊರಡುತ್ತಾಳೆ.